ಜೋಳಿಗೆಯ ಇನ್ನೂರು ಗ್ರಾಂ

ಬೆಳಿಗ್ಗೆ ಎಂಟೂವರೆಗೆ ಆರೋಗ್ಯ ಕಾರ್ಯಕರ್ತೆ ತೂಕದಕ್ಕ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೂಲು ಹತ್ತಿ, ಬಾಗಿಲ ಚೌಕಟ್ಟಿನ ಮೊಳೆಗೆ ತನ್ನ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿದಳು. ಮೊಳೆ ಗಟ್ಟಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದಳು. ಕೆಳಗಿಳಿದು, ಹನ್ನೆರಡು ದಿನದ ಕೂಸಿನ ಬಟ್ಟೆ ಬಿಚ್ಚಿ ಜೋಳಿಗೆಯಲ್ಲಿ ಮಲಗಿಸಿ, ಜೋಳಿಗೆಯ ಎರಡು ಕಿವಿಗಳನ್ನು ಕೊಕ್ಕೆಗೆ ಹಾಕಿ ಕೈ ಬಿಟ್ಟಳು. ಬಿಟ್ಟಳು ಎಂದರೆ ಪೂರಾ ಬಿಡಲಿಲ್ಲ. ಒಂದು ಗೇಣು ಕೆಳಗೆ ಅಂಗೈ ಚಾಚಿಕೊಂಡೇ ಇದ್ದಳು. ಮುಳ್ಳು ಓಲಾಡಿ ನಿಂತಿತು.

“ಮೂರು ಕಿಲೋ ಇನ್ನೂರು. ಅಪ್ಪನ ಅಂಗಡಿ ಸಾಮಾನೆಲ್ಲ ಇವನ ಹೊಟ್ಟೇಲೇ ಇದೆ.”

ಬಾಣಂತಿ ನಕ್ಕಳು. ತೂಕದಕ್ಕ ತಾಯಿ ಕಾರ್ಡಿನಲ್ಲಿ ಬರೆಯುತ್ತಿರುವಾಗ ಅಂಗಡಿಯವನು ಮಗನನ್ನು ಟವೆಲಿನ ಸಮೇತ ಎತ್ತಿಕೊಂಡು ಮುಂಭಾಗದ ಅಂಗಡಿಗೆ ಹೋದ. ಗಿರಾಕಿಗಳ ಎದುರು ಮಗನ ತೂಕ ತೋರಿಸಿ ಬೀಗುವ ಆಸೆ. ಎರಡೇ ನಿಮಿಷದಲ್ಲಿ ಅವನ ಧ್ವನಿ ಕೇಳಿತು.

“ಅಕ್ಕಾ, ಸ್ವಲ್ಪ ಇಲ್ಲಿ ಬನ್ನಿ. ನನ್ನ ತಕ್ಕಡೀಲಿ ಮೂರೇ ತೋರಿಸ್ತಿದೆ.”

ಎಣ್ಣೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಬಾಟಲಿ ಹಿಡಿದು ನಿಂತಿದ್ದಳು. “ಅಂಗಡಿಯವನ ತಕ್ಕಡಿ ನಂಬ್ಕೊಂಡು ಅಕ್ಕನ ತಕ್ಕಡಿ ಮೇಲೆ ತಪ್ಪು ಹೊರಿಸ್ತೀಯಲ್ಲಪ್ಪ.”

“ಅಲ್ಲಮ್ಮ, ಮೋಸದ ತಕ್ಕಡಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ನಂದು ಕಮ್ಮಿ ತೋರಿಸ್ತಿದ್ರೆ ನಾನು ಯಾವತ್ತೋ ಅಂಗಡಿಗೆ ಬೀಗ ಹಾಕಿ ಊರು ಬಿಟ್ಟಿರ್ತಿದ್ದೆ.”

ಹೆಂಗಸು ನಕ್ಕಳು. ತೂಕದಕ್ಕ ನಗಲಿಲ್ಲ. ಅವನು ಹೇಳಿದ್ದು ತಮಾಷೆಗೇ ಆದರೂ ಮಾತು ಸರಿಯಾಗಿತ್ತು.

“ಟವೆಲಿನ ತೂಕ ಕಳೆದಿದ್ದೀಯಾ?”

“ಕಳೆದಿದೀನಿ. ಡಬ್ಬಿ ತೂಗ್ದೆ ಯಾರಾದ್ರೂ ಎಣ್ಣೆ ತೂಗ್ತಾರಾ?” ಎಂದವನು ಮಗನನ್ನು ತಟ್ಟೆಯಿಂದ ಎತ್ತಿಕೊಂಡು, “ನೀವು ಜೋಳಿಗೆ ತೂಕ ಕಳೆದಿದೀರಾ ಅಕ್ಕಾ?” ಎಂದು ಕೇಳಿದ.

ಅವಳು ಒಳಗೆ ಹೋಗಿ ಜೋಳಿಗೆ ತಂದು ಅವನ ತಕ್ಕಡಿಯ ತಟ್ಟೆಯ ಮೇಲಿಟ್ಟಳು. ಇನ್ನೂರೈವತ್ತು ಗ್ರಾಂ. ತೂಕದಕ್ಕ ಅಲ್ಲೇ ಇದ್ದ ಬೇಳೆ ಮೂಟೆಯ ಮೇಲೆ ಕುಳಿತುಬಿಟ್ಟಳು.

ಆ ಜೋಳಿಗೆಗೆ ಆಗ ಐದು ವಾರ. ಹಳೆಯದು ತೆಳು ಹತ್ತಿ ಬಟ್ಟೆಯದು, ಹೆಚ್ಚೆಂದರೆ ಐವತ್ತು ಗ್ರಾಂ. ಒಗೆದು ಒಗೆದು ಅಂಚು ಹರಿಯತೊಡಗಿತ್ತು. ಅದರಲ್ಲಿ ಬರಿಮೈಯ ಕೂಸುಗಳು ಚಳಿಗೆ ಕಿರುಚುತ್ತಿದ್ದವು. ಅದನ್ನು ನೋಡಲಾರದೆ ಅವಳೇ ದಪ್ಪ ಬಟ್ಟೆಗೆ ಒಳಗೊಂದು ಮೆತ್ತನೆಯ ಅಸ್ತರಿ ಕೊಟ್ಟು, ಕಿವಿಗಳಿಗೆ ಮೂರು ಸುತ್ತು ಹೊಲಿಗೆ ಹಾಕಿ ಹೊಸದನ್ನು ಮಾಡಿದ್ದಳು. ಹೊಲಿಗೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಎಂಟು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನಕ್ಕೆ ನಾನೂರು ಕಾಲರ್ ಕೂರಿಸಿದ ಕೈ ಅದು. ಹೊಸ ಜೋಳಿಗೆಯಲ್ಲಿ ಕೂಸುಗಳು ಅಳುವುದು ನಿಂತಿತ್ತು. ತಾಯಂದಿರು ಮುಟ್ಟಿ ನೋಡಿ ಮೆಚ್ಚಿದ್ದರು. ಆದರೆ ತಕ್ಕಡಿಯ ಮುಳ್ಳು ಸೊನ್ನೆಗೆ ನಿಂತದ್ದು ಹಳೆಯ ಜೋಳಿಗೆಯ ಲೆಕ್ಕಕ್ಕೆ. ಜೋಳಿಗೆ ಬದಲಾದರೆ ಮೇಲಿನ ತಿರುಪನ್ನು ತಿರುಗಿಸಿ ಮತ್ತೆ ಸೊನ್ನೆಗೆ ತರಬೇಕೆಂಬುದು ತರಬೇತಿಯ ಮೊದಲ ದಿನದ ಪಾಠ. ಹನ್ನೊಂದು ವರ್ಷ ಅದನ್ನು ತಿರುಗಿಸುವ ಪ್ರಸಂಗವೇ ಬಂದಿರಲಿಲ್ಲ, ಪಾಠ ಮರೆತುಹೋಗಿತ್ತು.

ತೂಕದಕ್ಕನ ಪಾಲಿಗೆ ಬಂದಿರುವುದು ಒಂಬತ್ತು ಓಣಿಗಳ ಇನ್ನೂರ ಅರವತ್ತು ಮನೆ. ಬಸುರಿಯರನ್ನು ತಪಾಸಣೆಗೆ ಕರೆದೊಯ್ಯುವುದು, ಹೆರಿಗೆಗೆ ಗಾಡಿ ಗೊತ್ತುಮಾಡುವುದು, ಹುಟ್ಟಿದ ಮಗುವನ್ನು ಒಂದೂವರೆ ತಿಂಗಳು ಮನೆಗೇ ಹೋಗಿ ನೋಡುವುದು ಅವಳ ಕೆಲಸ. ಮೊದಲ ವರ್ಷ ಬಾಗಿಲು ತೆರೆಯುತ್ತಿದ್ದವರು ಕಡಿಮೆ. “ಮಗೂನ ಬದನೆಕಾಯಿ ತೂಗಿದ ಹಾಗೆ ತೂಗ್ತಾಳಂತೆ” ಎಂದು ನಲ್ಲಿಯ ಹತ್ತಿರ ಆಡಿಕೊಂಡಿದ್ದರು. ಅಡ್ಡಹೆಸರು ಬಂದದ್ದೂ ಆಗಲೇ. ಅಣಕಕ್ಕೆ ಹುಟ್ಟಿದ ಹೆಸರು ನಿಧಾನವಾಗಿ ಗೌರವದ ಹೆಸರಾಯಿತು. ಅವಳು ಕೆಲಸಕ್ಕೆ ಸೇರಿದ ವರ್ಷ ಆ ಒಂಬತ್ತು ಓಣಿಗಳಲ್ಲಿ ತಿಂಗಳು ತುಂಬುವ ಮೊದಲೇ ಹೋದ ಕೂಸುಗಳು ಆರು. ಕಳೆದ ಮೂರು ವರ್ಷ ಸೇರಿ ಒಂದು. ಈ ಅಂಕಿಯನ್ನು ಅವಳು ಎಲ್ಲೂ ಹೇಳಿಕೊಳ್ಳುವುದಿಲ್ಲ, ಓಣಿಯವರು ಹೇಳುತ್ತಾರೆ.

ಅಂಗಡಿಯಿಂದ ಅವಳು ನೇರ ಆರೋಗ್ಯ ಕೇಂದ್ರಕ್ಕೆ ನಡೆದಳು. ಎರಡು ಬೆಂಚು, ಲಸಿಕೆಯ ಫ್ರಿಜ್, ಕಾಲು ಅಲುಗುವ ಒಂದು ಮೇಜು ಇರುವ ಕೋಣೆ. ನರ್ಸಮ್ಮ ಹತ್ತಿಯನ್ನು ಸಣ್ಣ ಉಂಡೆ ಮಾಡಿ ಡಬ್ಬಿಗೆ ತುಂಬುತ್ತಿದ್ದರು. ಇಬ್ಬರೂ ರಿಜಿಸ್ಟರ್ ಬಿಚ್ಚಿ ಕುಳಿತು, ಐದು ವಾರದಲ್ಲಿ ಹೊಸ ಜೋಳಿಗೆಯಲ್ಲಿ ತೂಗಿದ ಕೂಸುಗಳ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿದರು. ಅಂಗಡಿಯವನ ಮಗನನ್ನು ಬಿಟ್ಟು ಒಟ್ಟು ಹದಿನೇಳು. ಎರಡೂವರೆ ಕಿಲೋಗಿಂತ ಕಮ್ಮಿಯಿದ್ದ ಕೂಸಿನ ಮನೆಗೆ ದಿನ ಬಿಟ್ಟು ದಿನ ಹೋಗಬೇಕು, ಎರಡೂವರೆ ಮುಟ್ಟಿದರೆ ವಾರಕ್ಕೊಮ್ಮೆ ಸಾಕು. ಇನ್ನೂರು ಗ್ರಾಂ ಕಳೆದು ನೋಡಿದಾಗ ಹದಿನೇಳರಲ್ಲಿ ಐದು ಕೂಸು ಗೆರೆಯ ಕೆಳಗೆ ಬಿದ್ದವು. ಅವುಗಳಲ್ಲಿ ಒಂದರ ಮೇಲೆ ತೂಕದಕ್ಕನ ಬೆರಳು ನಿಂತಿತು. ಇಸ್ತ್ರಿಯಮ್ಮನ ಮೊಮ್ಮಗಳು. ಹುಟ್ಟಿದಾಗ ಆಸ್ಪತ್ರೆಯ ತಕ್ಕಡಿಯಲ್ಲಿ ಎರಡು ಕಿಲೋ ಮುನ್ನೂರು. ಹದಿನಾರನೇ ದಿನ ಅವಳ ತಕ್ಕಡಿಯಲ್ಲಿ ಎರಡೂವರೆ. ಎರಡೂವರೆ ಮುಟ್ಟಿತೆಂದು ಆವತ್ತು ಬಾಣಂತಿಯ ಬೆನ್ನು ತಟ್ಟಿ, ‘ಇನ್ನು ವಾರಕ್ಕೊಂದ್ಸಲ ಬಂದ್ರೆ ಸಾಕು’ ಎಂದು ಹೇಳಿ ಬಂದಿದ್ದಳು.

“ಅಂದ್ರೆ ಈ ಮಗು ಬೆಳೆದೇ ಇಲ್ಲ,” ಎಂದಳು.

ನರ್ಸಮ್ಮ ಪೆನ್ಸಿಲು ಕೆಳಗಿಟ್ಟರು. “ಈಗ್ಲೇ ಹೋಗಿ ತೂಗು. ನಾಲ್ಕು ದಿನ ನೋಡೋಣ. ಮುಳ್ಳು ಮೇಲೆ ಹೋಗ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಮಧ್ಯೆ ಹಾಲು ಕುಡಿಯೋದು ಬಿಟ್ರೆ, ಮೈ ತಣ್ಣಗಾದ್ರೆ, ಅವತ್ತೇ.” ಆಮೇಲೆ ಧ್ವನಿ ತಗ್ಗಿಸಿದರು. “ಒಂದ್ಮಾತು. ತಪ್ಪಾಯ್ತು ಅಂತ ಮನೆಮನೆಗೆ ಸಾರ್ಕೊಂಡು ಬರ್ಬೇಡ. ಹೊಸ ತಕ್ಕಡಿ ಬಂದಿದೆ, ಮತ್ತೆ ತೂಗ್ತೀನಿ ಅನ್ನು. ಹನ್ನೊಂದು ವರ್ಷದ ನಂಬಿಕೆ ಒಂದೇ ದಿನಕ್ಕೆ ಹೋಗುತ್ತೆ. ನಾಳೆ ನೀನು ಲಸಿಕೆಗೆ ಬನ್ನಿ ಅಂದ್ರೂ ಬರಲ್ಲ.”

ಮಾತಿನಲ್ಲಿ ಹುರುಳಿತ್ತು. ತೂಕದಕ್ಕ ರಿಜಿಸ್ಟರ್ ಮುಚ್ಚಿ ಬಗಲಿಗೆ ಹಾಕಿಕೊಂಡಳು.

“ನರ್ಸಮ್ಮ, ಆ ಬಾಣಂತಿ ಕಾರ್ಡಲ್ಲಿ ನಾನೇ ಎರಡೂವರೆ ಅಂತ ಬರೆದಿದೀನಿ. ಇವತ್ತು ಹೋಗಿ ಎರಡು ಮುನ್ನೂರು ಅಂತ ಬರೆದ್ರೆ ಅವಳಿಗೆ ಏನನ್ಸುತ್ತೆ? ಮಗು ಇಳಿದುಹೋಯ್ತು, ನನ್ನ ಹಾಲೇ ಸರಿಯಿಲ್ಲ ಅಂದ್ಕೊಂತಾಳೆ. ಅತ್ತೆನೂ ಅದನ್ನೇ ಅಂತಾಳೆ. ತಪ್ಪು ಯಾರದ್ದು ಅಂತ ಅವರಿಗೆ ಗೊತ್ತಾಗ್ಬೇಕಲ್ಲ.”

ನರ್ಸಮ್ಮ ಡಬ್ಬಿಯ ಮುಚ್ಚಳ ಹಾಕಿದರು. “ಬೈಗುಳ ತಿನ್ನೋಕೆ ಹೊರಟಿದ್ದೀಯ. ತಿನ್ಕೊಂಡು ಬಾ.”

ಹೋಗುವ ದಾರಿಯಲ್ಲಿ ಅಂಗಡಿಯಿಂದ ಒಂದು ಕಿಲೋ ಉಪ್ಪಿನ ಪೊಟ್ಟಣ ತೆಗೆದುಕೊಂಡಳು. ಮನೆಗೆ ಹೋಗಿ ಹಳೆಯ ಜೋಳಿಗೆಯನ್ನೂ ಹುಡುಕಿ ಚೀಲಕ್ಕೆ ಹಾಕಿಕೊಂಡಳು. ಮನೆಯ ಮುಂದೆ ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ ಗಂಡನಿಗೆ ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದಳು. ಅವನು ಟ್ಯೂಬಿನಿಂದ ಕಣ್ಣೆತ್ತದೆ, “ಉಪ್ಪು ತಿಂದವರು ನೀರು ಕುಡೀಲೇಬೇಕು. ನೀನು ಪೊಟ್ಟಣಾನೇ ಹೊತ್ಕೊಂಡು ಹೊರಟಿದ್ದೀಯ,” ಎಂದ. ಅವಳಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು.

ಇಸ್ತ್ರಿಯಮ್ಮನದು ಒಂದೇ ಕೋಣೆಯ ಮನೆ. ಮುಂದಿನ ಅರ್ಧದಲ್ಲಿ ಇಸ್ತ್ರಿ ಮೇಜು, ಪರದೆಯ ಹಿಂದಿನ ಅರ್ಧದಲ್ಲಿ ಬಾಣಂತಿಯ ಮಂಚ. ಮಗ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಇಸ್ತ್ರಿಯಮ್ಮ ಅಂಗಿಯ ತೋಳೊಂದನ್ನು ಹರಡಿಕೊಂಡು ಕೆಂಡದ ಪೆಟ್ಟಿಗೆ ಎಳೆಯುತ್ತಿದ್ದರು.

“ವಾರ ಆಗಿಲ್ಲ, ಬಂದ್ಬಿಟ್ಯಲ್ಲ,” ಎಂದರು.

“ಇಸ್ತ್ರಿಯಮ್ಮ, ಪೆಟ್ಟಿಗೆ ಪಕ್ಕಕ್ಕಿಡಿ. ಒಂದು ಮಾತು ಹೇಳ್ಬೇಕು. ನಾನು ಮಗು ತೂಕ ತಪ್ಪು ಬರೆದಿದೀನಿ.”

ಹೊಸ ಜೋಳಿಗೆಯ ಕಥೆಯನ್ನು ಅವಳು ಉಪ್ಪುಖಾರ ಹಚ್ಚದೆ ಹೇಳಿದಳು. ಪರದೆಯ ಹಿಂದಿನಿಂದ ಸೊಸೆ ಮಗುವನ್ನೆತ್ತಿಕೊಂಡು ಬಂದು ಗೋಡೆಗೊರಗಿ ನಿಂತಳು. ಇಸ್ತ್ರಿಯಮ್ಮನ ಮುಖ ಬಿಗಿಯಿತು.

“ಅವತ್ತು ಬೆಳೀತಿದೆ ಅಂದೆ. ನಾನು ಓಣಿಗೆಲ್ಲ ಹೇಳ್ಕೊಂಡು ಬಂದೆ. ಇವತ್ತು ಬೆಳೆದಿಲ್ಲ ಅಂತೀಯ. ನಾಳೆ ಬಂದು ಇನ್ನೇನು ಹೇಳ್ತೀಯೋ? ನಿನ್ನ ಮಾತು ಹ್ಯಾಗೆ ನಂಬ್ಲಿ?”

“ನಂಬ್ಬೇಡಿ. ನೀವೇ ತೂಗಿ.”

ತಕ್ಕಡಿಯನ್ನು ಅವರ ಕೈಗೆ ಕೊಟ್ಟಳು. ಇಸ್ತ್ರಿಯಮ್ಮ ಅವಳನ್ನೊಮ್ಮೆ, ತಕ್ಕಡಿಯನ್ನೊಮ್ಮೆ ನೋಡಿದರು. ಬಟ್ಟೆ ನೇತುಹಾಕುವ ಕಬ್ಬಿಣದ ಕೊಕ್ಕೆಗೆ ಅದನ್ನು ತಾವೇ ಸಿಕ್ಕಿಸಿದರು. ಹೊಸ ಜೋಳಿಗೆಯಲ್ಲಿ ಉಪ್ಪಿನ ಪೊಟ್ಟಣ ಇಟ್ಟರು. ಮುಳ್ಳು ಒಂದು ಕಿಲೋ ದಾಟಿ ಎರಡು ಗೀಟು ಮುಂದೆ ನಿಂತಿತು. ಒಂದು ಗೀಟಿಗೆ ನೂರು ಗ್ರಾಂ. ಹಳೆಯ ಜೋಳಿಗೆಯಲ್ಲಿ ಇಟ್ಟರು. ಸರಿಯಾಗಿ ಒಂದು ಕಿಲೋ. ಮೂವತ್ತು ವರ್ಷ ಸಂತೆಯಲ್ಲಿ ಇದ್ದಿಲು ಕೊಂಡ ಹೆಂಗಸಿಗೆ ಬೇರೆ ವಿವರಣೆ ಬೇಕಿರಲಿಲ್ಲ.

“ಮಗು ಕೊಡು,” ಎಂದರು ಸೊಸೆಗೆ.

ಹಳೆಯ ಜೋಳಿಗೆಯಲ್ಲಿ ಮಗು ಅಳಲಿಲ್ಲ, ಕಾಲೂ ಆಡಿಸಲಿಲ್ಲ. ಎರಡು ಕಿಲೋ ಮುನ್ನೂರು. ಅವತ್ತಿಗೆ ಇಪ್ಪತ್ತು ದಿನ. ಹುಟ್ಟಿದ ದಿನ ಎಷ್ಟಿತ್ತೋ ಅಷ್ಟೇ.

ಸೊಸೆಯ ಕಣ್ಣು ತುಂಬಿತು. “ಅಳೋದೇ ಇಲ್ಲ ಅಕ್ಕಾ. ಎರಡು ಗುಟುಕು ಕುಡಿದು ಮಲಗ್ಬಿಡುತ್ತೆ. ಬಂಗಾರದಂಥ ಮಗು ಅಂತ ಎಲ್ರೂ ಹೇಳ್ತಾರೆ.”

“ಬಂಗಾರಾನೇ. ಆದ್ರೆ ಸಣ್ಣ ಕೂಸು ಅಳಲ್ಲ ಅಂದ್ರೆ ಹೊಟ್ಟೆ ತುಂಬಿದೆ ಅಂತಲ್ಲ, ಅಳೋಕೂ ಶಕ್ತಿ ಇಲ್ಲ ಅಂತ. ಇದು ನಿನ್ನ ತಪ್ಪಲ್ಲ ತಾಯಿ. ದಿನ ಬಿಟ್ಟು ದಿನ ಬಂದಿದ್ರೆ ನಾನು ನೋಡ್ತಿದ್ದೆ. ಬರ್ಲಿಲ್ಲ.”

ಆಮೇಲಿನ ಒಂದು ಗಂಟೆ ಮಾತು ಕಡಿಮೆ, ಕೆಲಸ ಹೆಚ್ಚು. ಮಗುವಿಗೆ ಜ್ವರವಿಲ್ಲ, ಉಸಿರು ಸರಿಯಿದೆ ಎಂದು ನೋಡಿಕೊಂಡಳು. ಟೋಪಿ, ಲಂಗೋಟಿ ಮಾತ್ರ ಬಿಟ್ಟು ಉಳಿದ ಬಟ್ಟೆ ಬಿಚ್ಚಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಸೀರೆ ಸುತ್ತಿ ಕಟ್ಟಿದಳು. ಎರಡು ಗಂಟೆಗೊಮ್ಮೆ ಅಂಗಾಲು ಉಜ್ಜಿ ಎಬ್ಬಿಸಬೇಕು; ಮತ್ತೆ ನಿದ್ದೆಗೆ ಜಾರಿದರೆ ಹಾಲು ಹಿಂಡಿ ಸಣ್ಣ ಬಟ್ಟಲಿನಿಂದ ತುಟಿಗೆ ಹಿಡಿಯಬೇಕು. ಹಿಂಡುವುದು ಹೇಗೆಂದು ತೋರಿಸಿದಳು. ಮೊದಲ ಹನಿಗಳು ಬಟ್ಟಲಿಗೆ ಬಿದ್ದಾಗ ಸೊಸೆ ಅದನ್ನೇ ನೋಡುತ್ತ ಕುಳಿತಳು. ಹಾಲು ಬೇಕಾದಷ್ಟಿತ್ತು.

“ಅವಳು ಸ್ನಾನಕ್ಕೆ ಹೋದಾಗ?” ಎಂದು ಕೇಳಿದರು ಇಸ್ತ್ರಿಯಮ್ಮ.

“ನಿಮ್ಮ ಎದೆ ಮೇಲೆ. ಇಸ್ತ್ರಿ ಪೆಟ್ಟಿಗೆ ಹಿಡಿದ ಮೈ, ಬಿಸಿಗೇನು ಬರ ಇಲ್ವಲ್ಲ.”

“ಮಾತಿಗೇನೂ ಕಮ್ಮಿಯಿಲ್ಲ ನಿನ್ಹತ್ರ,” ಎಂದರು ಇಸ್ತ್ರಿಯಮ್ಮ. ಆದರೆ ಸೆರಗಿಗೆ ಕೈ ಒರೆಸಿಕೊಂಡು, ಕಟ್ಟುವುದು ಹೇಗೆಂದು ಎರಡು ಸಲ ಕೇಳಿ ಕಲಿತರು.

ಉಳಿದ ಹದಿನಾರು ಮನೆಗಳಿಗೆ ಮೂರು ದಿನ ಹಿಡಿಯಿತು. ಎಲ್ಲ ಕಡೆಯೂ ಒಂದೇ ಕ್ರಮ: ಮೊದಲು ತಪ್ಪು ಹೇಳುವುದು, ಆಮೇಲೆ ತಕ್ಕಡಿಯನ್ನು ಮನೆಯವರ ಕೈಗೇ ಕೊಡುವುದು. ಹಲವರು ಹೊಟ್ಟೆಗೆ ಹಾಕಿಕೊಂಡರು. ಒಬ್ಬ ಅಜ್ಜ ಉಪ್ಪಿನ ಪೊಟ್ಟಣದ ಮೇಲೇ ಅನುಮಾನಪಟ್ಟು ಅದನ್ನು ಅಂಗಡಿಗೆ ಒಯ್ದು ತೂಗಿಸಿಕೊಂಡು ಬಂದ. ಒಂದು ಮನೆಯಲ್ಲಿ “ಇನ್ನು ನಮ್ಮನೆ ಮೆಟ್ಟಿಲು ಹತ್ಬೇಡ” ಎಂದು ಮುಖದ ಮೇಲೆ ಬಾಗಿಲು ಹಾಕಿದರು. ಆ ಮೆಟ್ಟಿಲ ಮೇಲೆ ಅವಳು ಹತ್ತು ನಿಮಿಷ ನಿಂತಿದ್ದು, ತಕ್ಕಡಿಯನ್ನೂ ಜೋಳಿಗೆಗಳನ್ನೂ ಪೊಟ್ಟಣವನ್ನೂ ಹೊಸ್ತಿಲ ಪಕ್ಕ ಇಟ್ಟು, ಪಕ್ಕದ ಓಣಿಯ ಬಸುರಿಯೊಬ್ಬಳನ್ನು ನೋಡಿ ಬಂದಳು. ಮರಳುವಷ್ಟರಲ್ಲಿ ಬಾಗಿಲು ಅರ್ಧ ತೆರೆದಿತ್ತು, ತೂಗಿ ನೋಡಿದ್ದರು. ತೂಕವನ್ನು ಬಾಯಿಬಿಟ್ಟು ಹೇಳಲಿಲ್ಲ. ಅಂಕಿ ತಾವೇ ಬರೆದಿದ್ದ ಕಾರ್ಡನ್ನು ಚಾಚಿದರು, ಅವಳು ರಿಜಿಸ್ಟರಿಗೆ ಬರೆದುಕೊಂಡಳು. ಗೆರೆಯ ಕೆಳಗಿದ್ದ ಐದರಲ್ಲಿ ನಾಲ್ಕು ಕೂಸುಗಳು ಸಣ್ಣವಾದರೂ ಬೆಳೆಯುತ್ತಿದ್ದವು. ನಿಂತುಹೋಗಿದ್ದದ್ದು ಒಂದೇ.

ಇಸ್ತ್ರಿಯಮ್ಮನ ಮನೆಗೆ ಅವಳು ದಿನವೂ ಬೆಳಿಗ್ಗೆ, ಸಂಜೆ ಹೋದಳು, ತೂಗಲಿಲ್ಲ. ದಿನವೂ ತೂಗಿದರೆ ಮುಳ್ಳಿನ ಮೇಲೇ ಕಣ್ಣಿಟ್ಟು ಬಾಣಂತಿ ಕಂಗೆಡುತ್ತಾಳೆ ಎಂಬುದು ಅವಳ ಅನುಭವ. ಎರಡನೇ ದಿನ ಮಗು ಬಟ್ಟಲಿನ ಹಾಲನ್ನು ಚೆಲ್ಲದೆ ಕುಡಿಯಿತು. ಮೂರನೇ ದಿನ ಸಂಜೆ, ಅವಳು ಓಣಿಯ ತಿರುವಿನಲ್ಲಿರುವಾಗಲೇ, ಹಸಿವಿಗೆ ಕಿರುಚುವ ಸಣ್ಣ ಧ್ವನಿ ಕೇಳಿಸಿತು. ಇಸ್ತ್ರಿಯಮ್ಮ ಬಾಗಿಲಲ್ಲೇ ನಿಂತಿದ್ದರು. “ಮಧ್ಯಾಹ್ನದಿಂದ ಒಂದೇ ರಾಗ. ಬಂಗಾರ ಹೋಗಿ ಕಂಚಾಯ್ತು,” ಎಂದರು. ದೂರಿನ ಮಾತು, ಹಿಗ್ಗಿನ ಧ್ವನಿ.

ನಾಲ್ಕನೇ ದಿನ ತಕ್ಕಡಿ ಸಿಕ್ಕಿಸಿದ್ದು ಅತ್ತೆ, ಮಗುವನ್ನು ಮಲಗಿಸಿದ್ದು ಸೊಸೆ. ತೂಕದಕ್ಕ ಎರಡು ಹೆಜ್ಜೆ ಹಿಂದೆ ಕೈ ಕಟ್ಟಿ ನಿಂತಳು. ಮುಳ್ಳು ಮುನ್ನೂರು ದಾಟಿ ಒಂದು ಗೀಟು ಮೇಲೆ ನಿಂತಿತು. ಸೊಸೆ ಗಟ್ಟಿಯಾಗಿ ಓದಿದಳು: “ಎರಡು ನಾನೂರು.” ತಾಯಿ ಕಾರ್ಡಿನಲ್ಲಿ ಅವಳೇ ಬರೆದಳು.

ದೊಡ್ಡಾಸ್ಪತ್ರೆಗೆ ಹೋಗುವ ಮಾತು ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಸುದ್ದಿ ಓಣಿಯಿಂದ ಓಣಿಗೆ ದಾಟಿತ್ತು, ಆದರೆ ನರ್ಸಮ್ಮ ಅಂಜಿದ ಹಾಗಲ್ಲ. ಆ ವಾರದ ಲಸಿಕೆಯ ದಿನ ಎರಡು ಬೆಂಚೂ ಭರ್ತಿಯಾಗಿ ತಾಯಂದಿರು ಹೊರಗೆ ಕಟ್ಟೆಯ ಮೇಲೆ ಕುಳಿತರು. “ಮುಚ್ಚಿಡಬಹುದಿತ್ತು, ಬಂದು ಹೇಳಿದ್ಲು,” ಎಂದು ಎಣ್ಣೆ ಬಾಟಲಿಯ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು. ಆ ಮಾತು ಒಳಗಿದ್ದ ನರ್ಸಮ್ಮನ ಕಿವಿಗೂ ಬಿತ್ತು. ಅವರು ಮರುದಿನ ಕೇಂದ್ರದ ಹದಿನಾಲ್ಕು ಕಾರ್ಯಕರ್ತೆಯರಿಗೂ ತಕ್ಕಡಿ, ಜೋಳಿಗೆ ತರಲು ಹೇಳಿಕಳಿಸಿದರು.

ತೂಕದಕ್ಕನದನ್ನು ಬಿಟ್ಟು ಮೂರು ತಕ್ಕಡಿಗಳು ತಪ್ಪು ತೋರಿಸಿದವು. ಒಬ್ಬಳು ಜೋಳಿಗೆಗೆ ಅಗಲವಾದ ಅಂಚು ಕೊಟ್ಟಿದ್ದಳು, ಇನ್ನೊಬ್ಬಳ ತಕ್ಕಡಿಯ ತಿರುಪು ಸಡಿಲಾಗಿತ್ತು. ಮೂರನೆಯವಳ ಜೋಳಿಗೆಯನ್ನು ಹೊಲಿದುಕೊಟ್ಟವಳು ತೂಕದಕ್ಕನೇ. ಅದನ್ನೂ ಅವಳು ಅಲ್ಲೇ, ಎಲ್ಲರೆದುರು ಹೇಳಿದಳು. ಮೂವರೂ ತೂಗಿದ ಕೂಸುಗಳು ಇಪ್ಪತ್ತೆಂಟು. ಮನೆಮನೆಗೆ ಹೋಗಿ ಹೇಳಲು ಅವರಿಗೆ ಬಾಯಿ ಬರುತ್ತಿಲ್ಲ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ತೂಕದಕ್ಕ ಅವರ ಜೊತೆ ಹೊರಡುತ್ತಾಳೆ.