ಸೂರ್ಯಕಾಂತಿಗೆ ಉಪ್ಪು ಮಜ್ಜಿಗೆ

ರಚನಾ, ನಿನ್ನ ಸೂರ್ಯಕಾಂತಿ ಸಸಿಗಳನ್ನು ಕೊಂದವಳು ನಾನು. ನಿನ್ನ ಕೈಗುಣ ಅಲ್ಲ, ಬಿಸಿಲೂ ಅಲ್ಲ — ನಿನ್ನ ಅಜ್ಜಿ. ಹದಿನೆಂಟು ವರ್ಷದಿಂದ ಈ ಮಾತನ್ನು ನುಂಗಿಕೊಂಡೇ ಬಂದೆ.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತು ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದು. ಎದುರಿಗೇ ಹೇಳೋಣ ಅಂತ ಮೂರು ಸಲ ನಿನ್ನ ಬಾಣಂತಿ ಕೋಣೆಯ ಬಾಗಿಲವರೆಗೂ ಬಂದೆ. ಮಗುವಿನ ಮುಖ ಕಂಡಿದ್ದೇ ತಡ, ಸಂತೋಷ ಉಕ್ಕಿ ಬಂದು — ಮಾತು ಎಲ್ಲಿಗೋ ಹೋಯಿತು. ಮರಿಮಗಳನ್ನು ಕಣ್ಣಾರೆ ಕಂಡವಳು ಕಣೇ ನಾನು! ರಾಮಕೃಷ್ಣನಗರದ ನಮ್ಮ ಬೀದಿಯಲ್ಲಿ ಮನೆಮನೆಗೂ ಸಕ್ಕರೆ ಹಂಚಿದೆ, ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆದರೆ ನಿನ್ನೆ ಮಗುವಿಗೆ ನೀರು ಹಾಕುವ ಮುಂಚೆ, "ಇವತ್ತು ನೀನೇ ಎಣ್ಣೆ ಹಚ್ಚು ಕಣೇ" ಅಂದೆ. ನೀನು ಕೈ ಹಿಂದಕ್ಕೆ ಎಳೆದುಕೊಂಡೆ.

"ಬೇಡಜ್ಜಿ. ನನ್ನ ಕೈಗುಣ ನಿಂಗೆ ಗೊತ್ತಲ್ಲ."

ನಿಮ್ಮಮ್ಮ ನಕ್ಕಳು — "ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯೇನೇ?" ನೀನು ನಗಲಿಲ್ಲ. ಬಟ್ಟಲು ಎತ್ತಿಕೊಂಡು ಎಣ್ಣೆ ನಾನೇ ಹಚ್ಚಿದೆ.

ನಿನಗಾಗ ಒಂಬತ್ತು ವರ್ಷ. ಬೇಸಿಗೆ ರಜೆ. ನೀನು ಪೇಪರ್ ಕಪ್ಪುಗಳಲ್ಲಿ ಹನ್ನೊಂದು ಬೀಜ ಹಾಕಿದ್ದೆ. ಮೊಳಕೆ ಕಿಟಕಿ ಕಡೆಗೆ ವಾಲಿದರೆ ಕಪ್ಪು ತಿರುಗಿಸಿ ಇಡುತ್ತಿದ್ದೆ. ದಿನಾ ಬೆಳಿಗ್ಗೆ ಸಸಿಗಳ ತಲೆ ಮೇಲೆ ಮೆಲ್ಲಗೆ ಅಂಗೈ ಆಡಿಸುತ್ತಿದ್ದೆ.

"ಏನೇ ಅದು, ದೃಷ್ಟಿ ತೆಗೀತಿದ್ದೀಯಾ?"

"ಗಾಳಿ ಥರ ಅಲ್ಲಾಡ್ಸಿದ್ರೆ ಕಾಂಡ ಗಟ್ಟಿ ಆಗುತ್ತಂತೆ ಅಜ್ಜಿ. ನಮ್ಮ ಮಿಸ್ ಹೇಳಿದ್ರು."

ಆಮೇಲೆ ಮೊದಲ ದಿನ ಒಂದು ಗಂಟೆ ಬಿಸಿಲು, ಮಾರನೇ ದಿನ ಎರಡು — ಹೀಗೆ ವಾರ ಪೂರ್ತಿ ಹೊರಗಿನ ಗಾಳಿ ಬಿಸಿಲು ರೂಢಿ ಮಾಡಿಸಿ, ಕಾಂಪೌಂಡಿನ ಪಕ್ಕ ಸಾಲಾಗಿ ನೆಟ್ಟೆ. ಅಷ್ಟು ಗಟ್ಟಿ ಸಸಿ ನಾನೂ ಬೆಳೆಸಿದವಳಲ್ಲ. ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತು, "ಅಜ್ಜಿಗಿಂತ ಮೊಮ್ಮಗಳ ಕೈಗುಣವೇ ಜೋರಾಗಿದೆ ಕಣ್ರೀ" ಅಂದರು. ನಾನೂ ನಕ್ಕೆ. ಒಳಗೆ — ಇರಲಿ, ಅದನ್ನೂ ಬರೆದುಬಿಡುತ್ತೇನೆ — ಒಳಗೆ ಚುಚ್ಚಿತು. ಮಲ್ಲಿಗೆ ಕಡ್ಡಿ ನೆಡಬೇಕಾದರೂ ಬೀದಿಯವರು ನನ್ನನ್ನೇ ಕರೆಯುತ್ತಿದ್ದ ಕಾಲ ಅದು.

ಮಾರನೇ ದಿನ ಬಾಳಕದ ಮೆಣಸಿನಕಾಯಿ ಒಣಹಾಕಿದೆ. ಅವು ನೆನೆದಿದ್ದ ಮಜ್ಜಿಗೆ ಅರ್ಧ ಬಕೆಟ್ ಉಳಿದಿತ್ತು. ಕರಿಬೇವಿಗೆ ಹುಳಿ ಮಜ್ಜಿಗೆ ಹುಯ್ದು ಅಭ್ಯಾಸವಾದ ಕೈ ಇದು. ಯೋಚಿಸದೆ ನಿನ್ನ ಸಸಿಗಳ ಬುಡಕ್ಕೂ ಹುಯ್ದೆ. ಅದಕ್ಕೆ ಹಿಡಿ ಹಿಡಿ ಉಪ್ಪು ಹಾಕಿದವಳೂ ನಾನೇ, ಮರೆತವಳೂ ನಾನೇ. ಎರಡು ದಿನಕ್ಕೆ ಹನ್ನೊಂದೂ ತಲೆ ಬಗ್ಗಿಸಿ ಮಲಗಿದವು. ಮಣ್ಣಿನ ಮೇಲೆ ಬೆಳ್ಳಗೆ ಕಟ್ಟಿದ್ದನ್ನು ಬೆರಳಿಗೆ ಒತ್ತಿಕೊಂಡು ನಾಲಿಗೆಗೆ ಇಟ್ಟೆ — ಗೊತ್ತಾಯಿತು.

ಗೊತ್ತಾದ ಮೇಲೆಯೇ ಆ ಮಾತು ಆಡಿದ್ದು ರಚನಾ. ಗೊತ್ತಿಲ್ಲದೆ ಅಲ್ಲ. ನೀನು ಅಳುತ್ತಾ, "ನಾನೇನು ತಪ್ಪು ಮಾಡ್ದೆ ಅಜ್ಜಿ?" ಅಂದೆ. ಪಕ್ಕದ ಮನೆಯಾಕೆ ಮತ್ತೆ ಗೇಟಿನಲ್ಲಿ ನಿಂತಿದ್ದರು. ಅವರ ಮುಂದೆ ನನ್ನ ಹೆಸರು ಹೋಗಬಾರದು ಅಂತ —

"ಕೆಲವರ ಕೈಗುಣ ಅಂಗೇ ಕಣಮ್ಮ. ಬುಡು."

ಬಿಟ್ಟೇಬಿಟ್ಟೆ ನೀನು. ಆಮೇಲೆ ತುಳಸಿಗೂ ನೀರು ಹಾಕಲಿಲ್ಲ. ನಾನು ನೋಡುತ್ತಲೇ ಇದ್ದೆ, ಒಂದೇ ಒಂದು ಮಾತು ಸಾಕಿತ್ತು, ಅದನ್ನೂ... ಈಗ ಹೆತ್ತ ಮಗುವನ್ನೇ ಮುಟ್ಟಲು ಹೆದರುತ್ತೀಯಲ್ಲೇ. ಇದನ್ನು ಓದಿಯೂ ನೀನು ನಂಬದೆ ಹೋದರೆ ನಾನು ಏನು ಮಾಡಲಿ, ಯಾರ ಕಾಲು ಹಿಡಿಯಲಿ?

ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ಪಕ್ಕದ ಮನೆಯಾಕೆಯ ಹತ್ತಿರ ಇವತ್ತೇ ಹೋಗಿ ಎಲ್ಲಾ ಹೇಳಿ ಬಂದೆ. ಅವರಿಗೆ ಆ ಸಸಿಗಳ ನೆನಪೇ ಇರಲಿಲ್ಲ.

ನಾಳೆ ಮಗುವಿಗೆ ನೀರು ಹಾಕುವ ಹೊತ್ತಿಗೆ ನಾನು ಒಳಗೆ ಬರುವುದಿಲ್ಲ. ಎಣ್ಣೆ ಬೆಚ್ಚಗೆ ಮಾಡಿ ನಿನ್ನ ಮಂಚದ ಪಕ್ಕ ಇಟ್ಟಿರುತ್ತೇನೆ. ಆ ಸಸಿಗಳ ಮೇಲೆ ಆಡಿಸುತ್ತಿದ್ದೆಯಲ್ಲ ಅಂಗೈ — ಹಾಗೇ, ಮೆಲ್ಲಗೆ. ನಾನು ಬಾಗಿಲಾಚೆ ಕೂತಿರುತ್ತೇನೆ. ನೀನು ಕರೆದರೂ ಬಟ್ಟಲು ಮುಟ್ಟುವುದಿಲ್ಲ.