ಶಾಕಾಹಾರಿ ಮೀನು

ದಾಂಡೇಲಿಯಲ್ಲಿ ನನ್ನದೊಂದು ಅಕ್ವೇರಿಯಂ ಅಂಗಡಿ. ಹಳಿಯಾಳದ ಅಕ್ಕಾರೊಬ್ಬರು ಮನೆಯ ಗಾಜಿನ ತೊಟ್ಟಿಗೆ ಪಾಚಿ ಕಟ್ಟಿದೆ ಎಂದು ಕರೆಸಿದ್ದರು. ಗೇಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಕಂಡು ನನಗೂ ಆಸೆಯಾಯಿತು. ಹೆಂಡತಿಗೆ ಹಳಿಯಾಳಕ್ಕೇ ವರ್ಗವಾಗಿತ್ತು.

"ಪಾಚಿ ತಿನ್ನೂ ಮೀನಿನ್ಯಾಗ ಯಾವುದು ಚಲೋ, ತಮ್ಮಾ?"

"ಬ್ಲ್ಯಾಕ್ ಮೋಲಿ ಹಾಕ್ರಿ ಅಕ್ಕಾರ. ಪಾಚಿನೂ ತಿಂತೈತಿ, ಹುಳಾನೂ ತಿಂತೈತಿ."

"ಹುಳಾ ತಿನ್ನೂದು ಬ್ಯಾಡಪಾ. ನಮ್ಮದು ಶುದ್ಧ ಶಾಕಾಹಾರಿ ಮನಿ."

ಗಾಜಿಗೆ ಬಾಯಿ ಹಚ್ಚಿ ಪಾಚಿ ಹೀರುವ ಸಕ್ಕರ್ ಮೀನು ತೋರಿಸಿದೆ. ದೊಡ್ಡದಾದರೆ ತೊಟ್ಟಿಯಲ್ಲಿದ್ದ ಗೋಲ್ಡ್‌ಫಿಶ್‌ಗಳ ಮೈಗೂ ಬಾಯಿ ಹಾಕೀತು ಎಂದೂ ಹೇಳಿದೆ. ಅವರಿಗೆ ಕೇಳಿಸಿದ್ದು ಪಾಚಿ ಮಾತ್ರ. ಮೀನು ತೊಟ್ಟಿಗಿಳಿದಾಗ ಅದಕ್ಕೆ ಕೈ ಮುಗಿಯುವುದೊಂದು ಬಾಕಿ.

ಕೈ ಒರೆಸಿಕೊಂಡು ಬಾಡಿಗೆ ಮನೆಯ ಮಾತು ತೆಗೆದೆ. ನಗುತ್ತಲೇ ಕೇಳಿದರು: "ನಿಮ್ಮ ಮನ್ಯಾಗ ಏನ್ ತಿಂತೀರಿ?"

"ಮೀನು, ಕೋಳಿ ಎಲ್ಲಾ ತಿಂತೇವ್ರಿ."

"ಮನಿ ಬ್ಯಾರೆಯವ್ರಿಗೆ ಆಗೈತಿ ತಮ್ಮಾ" ಎಂದರು. ಬೋರ್ಡು ತೆಗೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಅವರದೇ ಫೋನ್. ಸಕ್ಕರ್ ಬೆಳೆದು, ಗೋಲ್ಡ್‌ಫಿಶ್‌ಗಳ ಮೈ ಹೀರಿ ಹೀರಿ ಕೊಂದಿತ್ತು. "ಬಂದು ಒಯ್ತೇನ್ರಿ" ಎಂದೆ.

"ಬ್ಯಾಡ ಬಿಡಪಾ. ಪಾಪ, ಅದರ ಹುಟ್ಟುಗುಣ. ಮನಿಗೆ ಬಂದದ್ದನ್ನ ಹೆಂಗ ಹೊರಗ ಹಾಕೂದು? ಬ್ಯಾರೆ ಗೋಲ್ಡ್‌ಫಿಶ್ ತಂದು ಬಿಡು."

ಹೊಸ ಗೋಲ್ಡ್‌ಫಿಶ್ ತೆಗೆದುಕೊಂಡು ಹೋದೆ. ಗೇಟಿನ ಮೇಲೆ ಬೋರ್ಡು ಹೊಸದಾಗಿತ್ತು. ಕೆಳಗೊಂದು ಸಾಲು ಸೇರಿತ್ತು: ಶಾಕಾಹಾರಿಗಳಿಗೆ ಮಾತ್ರ.