ಸಾಣಿಗೆಯ ನೆವ

ಮೊರಬದ ತವರುಮನೆಗೆ ಹೋದಾಗಲೆಲ್ಲ ನಾನೂ ಅಕ್ಕನೂ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತೇವೆ. ಈ ಸಲ ಬೇಸರ ಕಳೆಯಲೆಂದು ಮೊಬೈಲನ್ನು ಡಬ್ಬಿಗೆ ಆನಿಸಿ, ಸ್ವೀಡನ್ ದೇಶದ ನೂರು ವರ್ಷ ಹಳೆಯ ಮೂಕಿ ಚಿತ್ರವೊಂದನ್ನು ಹಚ್ಚಿದೆ. ಇಬ್ಬರು ಅಕ್ಕತಂಗಿಯರ ಕಥೆ. ದೊಡ್ಡವಳು ಮನೆಗೆಲಸದಲ್ಲೇ ಸವೆಯುವವಳು, ಸಣ್ಣವಳು ಕನ್ನಡಿ ಬಿಟ್ಟು ಏಳದವಳು. ನಡುನಡುವೆ ಬರುವ ಇಂಗ್ಲಿಷ್ ಬರಹ ಓದಿ ಅಕ್ಕನಿಗೆ ಕಥೆ ಹೇಳುತ್ತಿದ್ದೆ. ಯಾರು ದೊಡ್ಡವಳು, ಯಾರು ಸಣ್ಣವಳು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ನಮ್ಮ ಕಡೆ ದೊಡ್ಡ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರೆ ಸಣ್ಣವಳನ್ನು ಬಾಜೂ ಮನೆಗೆ ಕಳಿಸಿಬಿಡುತ್ತಾರೆ. ಮೂವತ್ತು ವರ್ಷದ ಹಿಂದೆ ನನ್ನನ್ನೂ ಕಳಿಸಿದ್ದರು. ಗಂಡು ಹೇಗಿದ್ದಾನೋ ನೋಡುವ ಚಪಲ ನನಗೆ. ನೆರೆಯವರಿಗೆ ಹಿಟ್ಟು ಸೋಸುವ ಸಾಣಿಗೆ ಬೇಕಂತೆ ಎಂದು ನೆವ ಹೇಳಿಕೊಂಡು, ತಲೆ ಬಾಚಿ, ಬಂದವರ ಎದುರಿಗೇ ಹಾದುಹೋದೆ. ಅವರು ನನ್ನನ್ನೇ ಕೇಳಿದರು. ಅಕ್ಕನಿಗೆ ಮತ್ತೆಂದೂ ಸಂಬಂಧ ಕೂಡಿಬರಲಿಲ್ಲ. ಆ ದಿನದ ಮಾತನ್ನು ಅವಳು ಒಮ್ಮೆಯೂ ಎತ್ತಿರಲಿಲ್ಲ.

ಚಿತ್ರದಲ್ಲಿ ಅಕ್ಕನನ್ನು ಕೇಳಲು ಬಂದವನ ಮುಂದೆ ತಂಗಿ ನಗುತ್ತ ಬಂದು ನಿಂತಳು.

"ಈಕಿ ಸಣ್ಣಾಕೇನ?" ಎಂದಳು ಅಕ್ಕ.

"ಅಲ್ಲಬೇ ಯಕ್ಕಾ, ದೊಡ್ಡಾಕಿ," ಎಂದು ಸುಳ್ಳು ಹೇಳಿದೆ.

ಅಕ್ಕ ತಲೆ ಎತ್ತದೆ ಮೊರದೊಳಗಿನ ಹರಳು ಆರಿಸುತ್ತಲೇ ಇದ್ದಳು.

"ಹಂಗಾರ ಸಾಣಿಗಿ ಕೇಳಾಕ ಈಕಿ ಯಾಕ ಬಂದ್ಲು?"